ಹೊಸಬರು, ಹಳಬರು ಸೇರಿ ಬಾಲಿಯಲ್ಲಿ ಡೈವಿಂಗ್: ಒಟ್ಟಿಗೆ ಇಳಿಯಬಹುದೇ?

ಪ್ರಶ್ನೆ: ಆಗಸ್ಟ್‌ನಲ್ಲಿ ನಾವು ನಾಲ್ವರು ಬಾಲಿಗೆ ಸ್ಕೂಬಾ ಡೈವಿಂಗ್‌ಗೆ ಹೊರಟಿದ್ದೇವೆ. ನನಗೆ ಅಡ್ವಾನ್ಸ್ಡ್ ಸರ್ಟಿಫಿಕೇಟ್ ಇದೆ. ಹೆಂಡತಿ ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಮಾಡಿ ಎರಡು ವರ್ಷವಾಯಿತು, ಆಮೇಲೆ ನೀರಿಗಿಳಿದಿಲ್ಲ. ತಮ್ಮ ನೇತ್ರಾಣಿಯಲ್ಲಿ ಒಮ್ಮೆ ಇಳಿದಿದ್ದಾನೆ. ಅವನ ಹೆಂಡತಿಗೆ ಈಜು ಬರುವುದಿಲ್ಲ. ಬಾಲಿ ಪಕ್ಕದ ನೂಸಾ ಪೆನಿಡಾ ದ್ವೀಪದಲ್ಲಿ ಮೋಲಾ ಎಂಬ ದೈತ್ಯ ಮೀನು (ಸನ್‌ಫಿಶ್) ನೋಡುವ ಆಸೆ. ಎಲ್ಲರೂ ಒಟ್ಟಿಗೆ ಇಳಿಯಬಹುದೇ?
– ಓದುಗರು, ಬೆಂಗಳೂರು

ಉತ್ತರ: ಒಟ್ಟಿಗೆ ಹೋಗಿ. ಆದರೆ ನೂಸಾ ಪೆನಿಡಾದಲ್ಲಿ ಒಟ್ಟಿಗೆ ಇಳಿಯಬೇಡಿ. ಆಗಸ್ಟ್ ಮೋಲಾ ಕಾಣುವ ಕಾಲವೇ. ಆಳದ ತಣ್ಣೀರು ಮೇಲೆ ಬರುವುದರಿಂದಲೇ ಅವು ಬರುತ್ತವೆ. ಆ ನೀರು ಕೆಲವೊಮ್ಮೆ 20 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಅಲ್ಲಿನ ಕ್ರಿಸ್ಟಲ್ ಬೇ ಕೊಲ್ಲಿಯಲ್ಲಿ ಡೈವರನ್ನು ಕೆಳಕ್ಕೆ ಎಳೆಯುವ ಸೆಳವೂ ಇದೆ. ನೀವು ಇತ್ತೀಚೆಗೆ ಡೈವ್ ಮಾಡಿದ್ದರೆ ಮಾತ್ರ, ಗೈಡ್ ಜೊತೆ ಒಂದು ದಿನ ಹೋಗಿ ಬನ್ನಿ.

ಉಳಿದ ದಿನಗಳಿಗೆ ಬಾಲಿಯ ಈಶಾನ್ಯ ತೀರದ ತುಲಂಬೆನ್ ಮತ್ತು ಅಮೆಡ್ ಸಾಕು. 1942ರಲ್ಲಿ ಜಪಾನಿನ ಟಾರ್ಪಿಡೊ ತಗುಲಿದ ಲಿಬರ್ಟಿ ಹಡಗನ್ನು ತುಲಂಬೆನ್ ದಡಕ್ಕೆ ಎಳೆದು ತಂದಿದ್ದರು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಅದು ಸಮುದ್ರಕ್ಕೆ ಜಾರಿತು. ಈಗ ಸುಮಾರು 5 ಮೀಟರ್‌ನಿಂದ 30 ಮೀಟರ್ ಆಳದವರೆಗೆ ಮಲಗಿದೆ. ದಡದಿಂದಲೇ ಇಳಿಯಬಹುದು. ನೀವು ಕೆಳಭಾಗ ನೋಡುತ್ತಿರುವಾಗ ನಿಮ್ಮ ಹೆಂಡತಿ ಓಪನ್ ವಾಟರ್ ಕೋರ್ಸ್‌ನ 18 ಮೀಟರ್ ಮಿತಿಯೊಳಗೆ ಅದೇ ಹಡಗನ್ನು ನೋಡಬಹುದು.

ಇದಕ್ಕೆ ಇಬ್ಬರು ಗೈಡ್ ಬೇಕು. ಬುಕ್ ಮಾಡುವಾಗಲೇ ಬರಹದಲ್ಲಿ ಕೇಳಿ. ಖರ್ಚು ಜಾಸ್ತಿ, ಆದರೂ ದುಡ್ಡು ಉಳಿಸುವ ಜಾಗ ಇದಲ್ಲ. ಹೊಸಬರ ಸಿಲಿಂಡರ್ ಬೇಗ ಖಾಲಿಯಾಗುತ್ತದೆ. ಒಬ್ಬನೇ ಗೈಡ್ ಇದ್ದರೆ ಆ ಹೊಸಬರೊಂದಿಗೆ ಎಲ್ಲರೂ ಮೇಲೆ ಬರಬೇಕು. ಇಲ್ಲವೇ ಯಾರೋ ಒಬ್ಬರು ಒಂಟಿಯಾಗುತ್ತಾರೆ. ದಯವಿಟ್ಟು ಹೆಂಡತಿಗೆ ನೀವೇ ಗುರುವಾಗಬೇಡಿ. ನಿಮ್ಮ ಡೈವ್ ಕೆಡದಿರಲಿ ಎಂದು ಅವರು ಭಯವನ್ನು ನುಂಗಿಕೊಳ್ಳುತ್ತಾರೆ. ಹೊರಡುವ ಮೊದಲು ಪೂಲ್‌ನಲ್ಲಿ ರಿಫ್ರೆಶರ್, ಅಂದರೆ ಕಲಿತದ್ದರ ಮರು ಅಭ್ಯಾಸ, ಮಾಡಿಸಿ. ಮಳೆಗಾಲವಾದ್ದರಿಂದ ನೇತ್ರಾಣಿ ಆಗ ಸಿಗುವುದಿಲ್ಲ.

ತಮ್ಮನದು ಬರೀ ಟ್ರೈ ಡೈವ್ (ಕೋರ್ಸ್ ಇಲ್ಲದೆ ಅನುಭವಕ್ಕಾಗಿ ಇಳಿಯುವುದು) ಆಗಿದ್ದರೆ ಅದು ಸರ್ಟಿಫಿಕೇಟ್ ಅಲ್ಲ. ಬಾಲಿಯಲ್ಲೂ ಇನ್‌ಸ್ಟ್ರಕ್ಟರ್ ಜೊತೆ 12 ಮೀಟರ್‌ವರೆಗೆ ಮಾತ್ರ. ಆಸಕ್ತಿ ಇದ್ದರೆ ಥಿಯರಿಯನ್ನು ಮನೆಯಲ್ಲೇ ಆನ್‌ಲೈನ್‌ನಲ್ಲಿ ಮುಗಿಸಿ, ಅಮೆಡ್‌ನಲ್ಲಿ ಮೂರು ದಿನ ಕೋರ್ಸ್ ಮಾಡಲಿ. ನನ್ನ ಆಯ್ಕೆ ಅದೇ. ಅವನ ಹೆಂಡತಿಗೆ ಅಲ್ಲಿನ ಜೆಮೆಲುಕ್ ಕೊಲ್ಲಿಯಲ್ಲಿ ಲೈಫ್ ಜಾಕೆಟ್ ಹಾಕಿ, ಗೈಡ್ ಜೊತೆ ಸ್ನಾರ್ಕೆಲಿಂಗ್. ಹವಳ ದಡದ ಹತ್ತಿರವೇ ಇದೆ. ಸುಮ್ನೆ ಟ್ಯಾಂಕ್ ಹೊರಿಸಬೇಡಿ.

ಕೊನೆಯ ಡೈವ್ ಆದ ಮೇಲೆ ವಿಮಾನಕ್ಕೆ ಕನಿಷ್ಠ 18 ಗಂಟೆ ಬಿಡಬೇಕು, ಅದು ನಿಮಗೂ ಗೊತ್ತಿರುತ್ತದೆ ಅಲ್ವಾ? ಎತ್ತರದಲ್ಲಿ ಗಾಳಿಯ ಒತ್ತಡ ಕಡಿಮೆ, ಡೈವ್ ಆದ ಕೂಡಲೇ ಅಲ್ಲಿಗೆ ಹೋದರೆ ಅಪಾಯ. ಬಹಳ ಜನ ಮರೆಯುವುದು ಬಾಲಿಯ ಬತೂರ್ ಬೆಟ್ಟವನ್ನು. ಅದು 1,717 ಮೀಟರ್ ಎತ್ತರ. ಸಂಜೆ ಡೈವ್ ಮಾಡಿ, ಬೆಳಗಿನ ಜಾವ ಸೂರ್ಯೋದಯಕ್ಕೆ ಅಲ್ಲಿಗೆ ಹತ್ತಬೇಡಿ. ಚಾರಣವನ್ನು ಡೈವ್‌ಗಳಿಗಿಂತ ಮೊದಲೇ ಇಟ್ಟುಕೊಳ್ಳಿ.

ಆಸ್ತಮಾ, ಬಿಪಿ, ಹೃದಯದ ತೊಂದರೆ ಯಾರಿಗಾದರೂ ಇದ್ದರೆ ಊರಿನಲ್ಲೇ ವೈದ್ಯರ ಸಹಿ ಪಡೆಯಿರಿ. ಅಲ್ಲಿನ ಡೈವ್ ಸೆಂಟರ್‌ನ ಆರೋಗ್ಯ ಫಾರಂನಲ್ಲಿ ಹೌದು ಎಂದು ಬರೆದರೆ, ಆ ಸಹಿ ಇಲ್ಲದೆ ನೀರಿಗೆ ಬಿಡುವುದಿಲ್ಲ. ಪ್ರಯಾಣದ ವಿಮೆಯಲ್ಲಿ ಸ್ಕೂಬಾ ಸೇರಿದೆಯೇ, ಎಷ್ಟು ಆಳದವರೆಗೆ ಎಂದೂ ಓದಿ ನೋಡಿ.