ಕಾರು ಓಡಿಸುವುದನ್ನು ಕಡಿಮೆ ಮಾಡಿದರೆ ಮಕ್ಕಳ ಜೊತೆ ಕಾಡು, ಬೆಟ್ಟ ಸುತ್ತುವುದು ಹೇಗೆ?

ಎರಡರಲ್ಲಿ ಒಂದನ್ನು ಬಿಡಲೇಬೇಕು ಅಂತೇನಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕಾರಿನಲ್ಲಿ ಒಬ್ಬರಿದ್ದರೂ ನಾಲ್ವರಿದ್ದರೂ ಹೊಗೆ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಮನೆಮಂದಿಯೆಲ್ಲ ಸೇರಿ ಹೋಗುವ ಪ್ರವಾಸಕ್ಕೆ ಕತ್ತರಿ ಹಾಕುವ ಮೊದಲು, ಒಬ್ಬರೇ ದಿನಾ ಓಡಾಡುವುದನ್ನು ಕಡಿಮೆ ಮಾಡಿ. ಹತ್ತಿರದ ಅಂಗಡಿಗೆ ಕಾರು ತೆಗೆಯುವುದಂತೂ ಸುಮ್ನೆ ದಂಡ. ಎಂಜಿನ್ ಬಿಸಿಯಾಗುವವರೆಗೆ ಇಂಧನ ಜಾಸ್ತಿ ಕುಡಿಯುತ್ತದೆ.

ದೂರದ ಕಾಡಿಗೆ ಪದೇ ಪದೇ ಹೋಗಿಬರುವ ಬದಲು ಅಪರೂಪಕ್ಕೆ ಹೋಗಿ, ಎರಡು ಮೂರು ದಿನ ಉಳಿಯಿರಿ. ದಾರಿಯ ಪೆಟ್ರೋಲ್ ಒಂದೇ ಸಲ, ಅಲ್ವಾ? ಉಳಿದ ವಾರಗಳಿಗೆ ಬಸ್ಸಿನಲ್ಲಿ ತಲುಪುವ ಕೆರೆ, ಪಾರ್ಕು ಸಾಕು. ಪುಟ್ಟ ಮಕ್ಕಳು ಇರುವೆ ಸಾಲು ಕಂಡರೂ ಅರ್ಧ ಗಂಟೆ ಕೂರುತ್ತಾರೆ. ಜಲಪಾತವೇ ಬೇಕೆನ್ನುವವರು ಹೆಚ್ಚಾಗಿ ನಾವೇ! ಬಸ್ಸಿಲ್ಲದ ಜಾಗಕ್ಕಾದರೆ ಇನ್ನೊಂದು ಕುಟುಂಬದ ಜೊತೆ ಒಂದೇ ಗಾಡಿಯಲ್ಲಿ ಹೋಗಿ.