ಶುಕ್ರವಾರ ಬರುವ ಹುಡುಗಿಯರು

(ಜೆರುಸಲೇಮಿನಿಂದ ಬಂದ ಓಲೆಯೊಂದರ ಮುಖ್ಯ ಭಾಗ ಇಲ್ಲಿದೆ. ಬರೆದವರ ಕೋರಿಕೆಯಂತೆ ಹೆಸರು ಬಿಟ್ಟಿದ್ದೇವೆ.)

“ನಾನು ಉಡುಪಿ ಜಿಲ್ಲೆಯವಳು. ಆರು ವರ್ಷಗಳಿಂದ ಇಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಪ್ರತಿ ಶುಕ್ರವಾರ ಮಧ್ಯಾಹ್ನ ಅಮೆರಿಕದ ಇಬ್ಬರು ಯಹೂದಿ ಹುಡುಗಿಯರು ಹೂವು, ಜಡೆಯಂತೆ ಹೆಣೆದ ಬ್ರೆಡ್ಡು ಹಿಡಿದು ಬರುತ್ತಾರೆ. ಆಗಷ್ಟೇ ಶಾಲೆ ಮುಗಿಸಿದವರು. ಅವರ ಹೀಬ್ರೂ ಅಷ್ಟಕ್ಕಷ್ಟೆ, ಅಜ್ಜಿಗೆ ಇಂಗ್ಲಿಷ್ ಬಾರದು, ನಡುವೆ ನಾನೇ ದುಭಾಷಿ. ಅರ್ಧ ಗಂಟೆ ಕುಳಿತು ಹೋಗುತ್ತಾರೆ. ಜೂನ್ ಬಂತೆಂದರೆ ಮಾಯ. ಇಲ್ಲಿ ಮಳೆಗಾಲ ಶುರುವಾಗುವ ಅಕ್ಟೋಬರ್ ಹೊತ್ತಿಗೆ ಬೇರೆ ಇಬ್ಬರು. ಅಜ್ಜಿ ಹಳಬರ ಹೆಸರು ಹಿಡಿದು ಕೇಳುತ್ತಾರೆ, ನಾನು ಏನು ಹೇಳಲಿ? ಇದು ಸೇವೆಯೋ, ಅವರ ಕಲಿಕೆಗೆ ನಮ್ಮ ಅಜ್ಜಿ ಒಂದು ಪಾಠವೋ? ಇಷ್ಟು ಎಳೆಯರಿಗೆ ಇದನ್ನು ಮಾಡಬೇಕೆಂದು ಹೇಳಿಕೊಟ್ಟವರು ಯಾರು? ಇಷ್ಟು ವರ್ಷದಲ್ಲಿ ನನ್ನ ಹೆಸರು ಕೇಳಿದವಳು ಒಬ್ಬಳೇ, ಈ ವರ್ಷದವಳು. ಊರಿನಲ್ಲಿ ನನ್ನ ಮಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ಅವನನ್ನೂ ಹೀಗೆ ಹಚ್ಚಬಹುದೇ?”

ನಿಮ್ಮ ಓಲೆಯನ್ನು ಕಚೇರಿಯಲ್ಲಿ ಗಟ್ಟಿಯಾಗಿ ಓದಿದೆವು. ಯಹೂದಿ ಅಜ್ಜಿಗೂ ಯಹೂದಿ ಹುಡುಗಿಯರಿಗೂ ನಡುವೆ ಉಡುಪಿಯವರೊಬ್ಬರು ಹೀಬ್ರೂ ದುಭಾಷಿ ಎಂಬಲ್ಲಿಗೆ ಬಂದಾಗ ನಮ್ಮ ಕರಡು ತಿದ್ದುವವರು ಪೆನ್ನು ಕೆಳಗಿಟ್ಟು ನಕ್ಕರು.

ನಿಮ್ಮ ಮನೆಗೆ ಬರುವವರು ಬಹುಶಃ ಅಲ್ಲಿನ ಯಾವುದೋ ಸೆಮಿನರಿಯ ವಿದ್ಯಾರ್ಥಿನಿಯರು. ಅಮೆರಿಕ, ಬ್ರಿಟನ್, ದಕ್ಷಿಣ ಆಫ್ರಿಕಾ, ಆಸ್ಟ್ರೇಲಿಯಾಗಳ ಯಹೂದಿ ಮನೆಗಳಲ್ಲಿ, ಅದರಲ್ಲೂ ಸಂಪ್ರದಾಯಸ್ಥರಲ್ಲಿ, ಶಾಲೆ ಮುಗಿಸಿ ಕಾಲೇಜು ಸೇರುವ ಮೊದಲು ಒಂದು ವರ್ಷ ಇಸ್ರೇಲಿಗೆ ಹೋಗಿ ಬರುವ ರೂಢಿ ಇದೆ. ಹುಡುಗರು ಯೆಶಿವಾಗಳಲ್ಲಿ, ಹುಡುಗಿಯರು ಸೆಮಿನರಿಗಳಲ್ಲಿ ತೋರಾ ಮತ್ತಿತರ ಧರ್ಮಗ್ರಂಥಗಳನ್ನು ಓದುತ್ತಾರೆ. ಧರ್ಮಕ್ಕೆ ಅಷ್ಟಾಗಿ ಅಂಟಿಕೊಳ್ಳದವರಿಗೆ ಬೇರೆ ಕಾರ್ಯಕ್ರಮಗಳಿವೆ. ಇಂಥವಕ್ಕೆ ನೆರವಾಗಲೆಂದೇ ಇಸ್ರೇಲ್ ಸರ್ಕಾರ ಮತ್ತು ಯಹೂದಿ ಏಜೆನ್ಸಿ ಸೇರಿ 2004ರಲ್ಲಿ ‘ಮಸಾ’ ಎಂಬ ಸಂಸ್ಥೆಯನ್ನು ಕಟ್ಟಿದವು. ಆದರೂ ಅದು ಅಗ್ಗದ ವರ್ಷವಲ್ಲ, ಎಲ್ಲರ ಕೈಗೆಟುಕುವಂಥದ್ದೂ ಅಲ್ಲ. ಅನೇಕ ಸೆಮಿನರಿಗಳಲ್ಲಿ ವಾರದ ಒಂದು ಹೊತ್ತು ‘ಹೆಸೆದ್’ಗೆ ಮೀಸಲು. ಋಣವಿಲ್ಲದಿದ್ದರೂ ಅಕ್ಕರೆಯಿಂದ ಮಾಡುವ ಉಪಕಾರ ಎಂದು ಆ ಮಾತನ್ನು ಬಿಡಿಸಬಹುದು. ಅದು ವೇಳಾಪಟ್ಟಿಯಲ್ಲಿ ಗಣಿತದ ತರಗತಿಯಂತೆ ಕೂತಿರುತ್ತದೆ, ಮನಸ್ಸು ಬಂದಾಗ ಹೋಗುವುದಲ್ಲ.

ಯಾರು ಹೇಳಿಕೊಟ್ಟರು ಎಂದಿರಿ. ನಾವು ಮಕ್ಕಳಿಗೆ ಸ್ಫೂರ್ತಿ ಬರಲಿ ಎಂದು ಭಾಷಣಕಾರರನ್ನು ಕರೆಸುತ್ತೇವೆ, ಶಾಲು ಹೊದಿಸುತ್ತೇವೆ. ಯಹೂದಿಗಳ ಲೆಕ್ಕ ಬೇರೆ. ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿಮೂರು ತುಂಬಿದರೆ ಧರ್ಮದ ವಿಧಿಗಳಿಗೆ ಅವರೇ ಹೊಣೆ. ‘ಮಿತ್ಸ್ವಾ’ ಎಂದರೆ ಒಳ್ಳೆಯ ಕೆಲಸ ಎಂದು ಬಳಕೆಯಲ್ಲಿ ಹೇಳುವುದುಂಟು, ಮೂಲದಲ್ಲಿ ಅದು ಆಜ್ಞೆ. ಆಜ್ಞೆ ಇದೆಯೆಂದು ಮಾಡುವವನು, ಆಜ್ಞೆಯಿಲ್ಲದೆ ತಾನಾಗಿ ಮಾಡುವವನಿಗಿಂತ ದೊಡ್ಡವನು ಎಂದು, ಯಹೂದಿ ಗುರುಗಳ ಹಳೆಯ ಚರ್ಚೆಗಳ ಗ್ರಂಥವಾದ ತಾಲ್ಮುದ್‌ನಲ್ಲಿ ರಬ್ಬಿ ಹನೀನಾ ಹೇಳುತ್ತಾನೆ. ಮೊದಲು ಓದಿದಾಗ ನನಗೆ ಇದು ತಲೆಕೆಳಗಾದ ಮಾತೆನಿಸಿತ್ತು. ಸ್ವಂತ ಇಚ್ಛೆಯಿಂದ ಮಾಡುವವನಲ್ಲವೇ ದೊಡ್ಡವನು? ಆದರೆ ಮೂರನೆಯ ತಿಂಗಳಿನ ಒಂದು ಶುಕ್ರವಾರ, ಮಳೆ, ಚಳಿ, ತಲೆನೋವು ಎಲ್ಲವೂ ಒಟ್ಟಿಗೆ ಬಂದ ದಿನ, ಹದಿನೆಂಟರ ಹುಡುಗಿಯನ್ನು ಹಾಸಿಗೆಯಿಂದ ಎಬ್ಬಿಸಿ ನಿಮ್ಮ ಮೂರನೆಯ ಮಹಡಿಗೆ ಹತ್ತಿಸುವುದು ಸ್ಫೂರ್ತಿಯಲ್ಲ. ಸ್ಫೂರ್ತಿ ಅಕ್ಟೋಬರಿನಲ್ಲೇ ಖರ್ಚಾಗಿರುತ್ತದೆ.

ಕಾಯಿಲೆಯವರನ್ನು ನೋಡಲು ಹೋಗುವುದೂ ಆ ಕಟ್ಟಳೆಗಳಲ್ಲಿ ಒಂದು, ‘ಬಿಕೂರ್ ಹೋಲೀಮ್’. ನೋಡಲು ಬಂದವನು ಕಾಯಿಲೆಯ ಅರವತ್ತರಲ್ಲಿ ಒಂದು ಪಾಲನ್ನು ಹೊತ್ತೊಯ್ಯುತ್ತಾನೆ ಎಂದು ತಾಲ್ಮುದ್ ಹೇಳುತ್ತದೆ. ಕೂಡಲೇ ಒಬ್ಬ ಕೇಳುತ್ತಾನೆ: ಹಾಗಾದರೆ ಅರವತ್ತು ಜನ ಒಟ್ಟಿಗೆ ನುಗ್ಗಿದರೆ ರೋಗಿ ಎದ್ದು ಕೂರಬೇಕಲ್ಲ? ಇಲ್ಲ, ಪ್ರತಿಯೊಬ್ಬನೂ ಒಯ್ಯುವುದು ಉಳಿದುದರ ಅರವತ್ತರಲ್ಲಿ ಒಂದು ಪಾಲು, ಎಂದು ಉತ್ತರ. ಎಷ್ಟು ಜನ ಬಂದರೂ ಸ್ವಲ್ಪ ಉಳಿದೇ ಉಳಿಯುತ್ತದೆ. ಆ ಉಳಿದದ್ದನ್ನು ಶನಿವಾರ, ಭಾನುವಾರ, ಸೋಮವಾರ ನೋಡಿಕೊಳ್ಳುವವರು ನೀವು. ಸಂಬಳ ಪಡೆದು ಮಾಡುವ ಕೆಲಸ ಸೇವೆಯಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲರೂ ಹೂವು ಹಿಡಿದೇ ಹೋಗುವುದಿಲ್ಲ. ಮಾಗೆನ್ ದಾವಿದ್ ಅದೋಮ್ ಎಂಬ ಆಂಬುಲೆನ್ಸ್ ಸೇವೆ ಹೊರದೇಶದ ಯುವಕರಿಗೆ 60 ಗಂಟೆಗಳ ತರಬೇತಿ ಕೊಟ್ಟು ಗಾಡಿ ಹತ್ತಿಸುತ್ತದೆ. ಕರೆ ಬಂದ ಮನೆ ಯಹೂದಿಯದೋ ಅರಬ್ಬರದೋ ಎಂದು ಆ ಗಾಡಿ ಕೇಳುವುದಿಲ್ಲ. 1976ರಲ್ಲಿ ಜೆರುಸಲೇಮಿನಲ್ಲಿ ಹುಟ್ಟಿದ ಯಾದ್ ಸಾರಾ ಗಾಲಿಕುರ್ಚಿ, ಊರುಗೋಲುಗಳನ್ನು ಎರವಲು ಕೊಡುತ್ತದೆ, ಅಲ್ಲಿ ದುಡಿಯುವವರಲ್ಲಿ ಬಹುಪಾಲು ಸ್ವಯಂಸೇವಕರೇ. ನಿಮ್ಮ ಅಜ್ಜಿಗೂ ಏನಾದರೂ ಅಲ್ಲಿಂದ ಬಂದಿರಬಹುದು.

ನನಗೆ ಹೆಚ್ಚು ಇಷ್ಟವಾದದ್ದು ಲೆಕೆತ್. 2003ರಲ್ಲಿ ಶುರುವಾದ ಈ ಸಂಸ್ಥೆ ಮದುವೆಮನೆ, ಹೋಟೆಲುಗಳಲ್ಲಿ ಮಿಕ್ಕ ಅಡುಗೆಯನ್ನು ಕೂಡಿಸುತ್ತದೆ, ಹೊಲಗಳಲ್ಲಿ ಬಿಟ್ಟ ಬೆಳೆಯನ್ನು ಸ್ವಯಂಸೇವಕರಿಂದ ಕೀಳಿಸಿ ಹಸಿದವರಿಗೆ ಮುಟ್ಟಿಸುತ್ತದೆ. ಲೆಕೆತ್ ಎಂದರೆ ನಮ್ಮ ಹಕ್ಕಲು. ಕೊಯ್ಲಾದ ಹೊಲದಲ್ಲಿ ಬಿದ್ದ ತೆನೆಯನ್ನು ನಮ್ಮಲ್ಲೂ ಬಡವರು ಆಯುತ್ತಿದ್ದರಲ್ಲ, ಅದೇ. ಬೈಬಲಿನ ರೂತಳು ಬೋವಜನ ಹೊಲದಲ್ಲಿ ಆಯ್ದದ್ದೂ ಹಕ್ಕಲನ್ನೇ. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡ, ಬಿದ್ದುದನ್ನು ಹೆಕ್ಕಬೇಡ, ಅದು ಬಡವನಿಗೂ ಪರದೇಶಿಗೂ ಸೇರಿದ್ದು ಎಂಬುದು ತೋರಾದ ಕಟ್ಟಳೆ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಥಾಯ್ಲೆಂಡಿನ ಸಾವಿರಾರು ಕೃಷಿ ಕಾರ್ಮಿಕರು ಊರಿಗೆ ಮರಳಿದಾಗ, ಬೆಳೆ ಕೊಳೆಯದಂತೆ ಕೈಹಾಕಿದ ಸ್ವಯಂಸೇವಕರಲ್ಲಿ ಇಂಥ ವಿದ್ಯಾರ್ಥಿಗಳೂ ಇದ್ದರು.

ಆ ಕಟ್ಟಳೆಯಲ್ಲಿ ‘ಪರದೇಶಿ’ ಎಂಬ ಮಾತನ್ನು ಗಮನಿಸಿದಿರಾ? ಆ ಮನೆಯಲ್ಲಿ ಪರದೇಶಿ ನೀವು. ಆರು ವರ್ಷದಲ್ಲಿ ನಿಮ್ಮ ಹೆಸರು ಕೇಳಿದವಳು ಒಬ್ಬಳು. ಉಳಿದವರು ಕೆಟ್ಟವರೇನಲ್ಲ, ಅವರಿಗೆ ‘ಅಜ್ಜಿಯ ಮನೆ’ ಎಂದು ಒಪ್ಪಿಸಲಾಗಿತ್ತು, ಅವರು ಅಜ್ಜಿಯನ್ನು ನೋಡಿದರು. ಇವಳು ಕೋಣೆಯನ್ನು ನೋಡಿದಳು. ಮುಂದಾಳುತನ ಕಲಿಸುತ್ತೇವೆ ಎನ್ನುವ ಶಿಬಿರಗಳು ಎಷ್ಟೋ ಇವೆ, ನನಗೆ ಅವುಗಳ ಮೇಲೆ ಅಂಥ ಭರವಸೆಯಿಲ್ಲ. ಯಾರು ಯಾವ ಮನೆಗೆ ಹೋಗಬೇಕು, ಜ್ವರ ಬಂದವಳ ಬದಲು ಯಾರು, ಶುಕ್ರವಾರ ಸಂಜೆ ಶುರುವಾಗುವ ವಿಶ್ರಾಂತಿಯ ದಿನವಾದ ಶಬ್ಬಾತ್‌ಗೆ ಬಸ್ಸು ನಿಲ್ಲುವ ಮೊದಲು ಎಲ್ಲರೂ ವಾಪಸಾಗುತ್ತಾರೆಯೇ ಎಂದು ಗುರುವಾರ ರಾತ್ರಿ ಪಟ್ಟಿ ಹಿಡಿದು ಕೂರುವ ಹುಡುಗಿ ಆ ವರ್ಷದಲ್ಲಿ ಕಲಿಯುವಷ್ಟನ್ನು ಯಾವ ಶಿಬಿರವೂ ಕಲಿಸಲಾರದು. ಅಂಥ ಪಟ್ಟಿಯನ್ನು ಶಿಕ್ಷಕರು ತಾವೇ ಇಟ್ಟುಕೊಂಡರೆ ಮಕ್ಕಳು ಬರೀ ಹಾಜರಿ ಹಾಕುತ್ತಾರೆ.

ಇನ್ನು ನಿಮ್ಮ ಕಷ್ಟದ ಪ್ರಶ್ನೆ. ಸೇವೆಯೋ, ಪಾಠವೋ? ಮುಚ್ಚುಮರೆ ಬೇಡ: ಆ ವರ್ಷದಿಂದ ಹೆಚ್ಚು ಪಡೆಯುವವರು ಹುಡುಗಿಯರೇ. ಅಜ್ಜಿಗೆ ಸಿಗುವುದು ಅರ್ಧ ಗಂಟೆ, ಅವರಿಗೆ ಸಿಗುವುದು ಬದುಕಿಡೀ ನೆನಪಿರುವ ಮನೆ. ಅದರಿಂದ ಅರ್ಧ ಗಂಟೆ ಸುಳ್ಳಾಗುವುದಿಲ್ಲ. ಆದರೆ ಜೂನ್ ತಿಂಗಳಲ್ಲಿ ಹೇಳದೆ ಮಾಯವಾಗುವುದು ಮಾತ್ರ ತಪ್ಪು, ಅದನ್ನು ನಾನು ಸಮರ್ಥಿಸುವುದಿಲ್ಲ. ವಿದಾಯ ಹೇಳುವುದನ್ನು ಅವರಿಗೆ ಯಾರೂ ಕಲಿಸಿಲ್ಲ. ತಪ್ಪು ಮಕ್ಕಳದಲ್ಲ, ಕಳಿಸಿದವರದು.

ಮಗನ ವಿಷಯ. ನಮ್ಮಲ್ಲಿ ವರ್ಷ ಬಿಡುವುದೆಂದರೆ ನೀಟ್ ಪರೀಕ್ಷೆಗೆ ಇನ್ನೊಮ್ಮೆ ಕೂರುವುದು ಎಂದೇ ಅರ್ಥ, ನೆಂಟರ ಪ್ರಶ್ನೆಗಳಿಗೆ ಉತ್ತರಿಸಿ ಸಾಕಾಗುತ್ತದೆ. ವರ್ಷ ಬಿಡಿಸಬೇಡಿ. ಡಿಗ್ರಿ ಸೇರಿದ ಮೇಲೆ ರಾಷ್ಟ್ರೀಯ ಸೇವಾ ಯೋಜನೆ ಇದ್ದೇ ಇದೆ, 1969ರಿಂದ ನಡೆದುಬಂದದ್ದು, ಎರಡು ವರ್ಷಕ್ಕೆ 240 ಗಂಟೆ ಮತ್ತು ಏಳು ದಿನದ ಶಿಬಿರ. ಪ್ರಮಾಣಪತ್ರಕ್ಕಾಗಿ ಸೇರಿದರೂ ಪರವಾಗಿಲ್ಲ, ರಬ್ಬಿ ಹನೀನಾನ ಮಾತು ಅವನಿಗೂ ಅನ್ವಯಿಸಲಿ. ಈಗ ಮಾತ್ರ ಒಂದು ಮನೆ, ಒಂದು ದಿನ ಗೊತ್ತು ಮಾಡಿ. ಒಂಟಿಯಾಗಿರುವ ಮುದುಕರು ಇಲ್ಲದ ಬೀದಿ ಕರಾವಳಿಯಲ್ಲಿ ಇದ್ದರೆ ನನಗೆ ತಿಳಿಸಿ. ಅವರ ಮಕ್ಕಳೂ ನಿಮ್ಮಂತೆ ದೂರದಲ್ಲಿ ಇನ್ಯಾರನ್ನೋ ನೋಡಿಕೊಳ್ಳುತ್ತಿರಬಹುದು.

ಕೊನೆಯದಾಗಿ ಒಂದು ಕೆಲಸ. ಇನ್ನೂರು ಪುಟದ ಒಂದು ನೋಟುಪುಸ್ತಕ ತನ್ನಿ. ಹೆಸರು ಕೇಳಿದ ಆ ಹುಡುಗಿಯ ಕೈಗೆ ಕೊಟ್ಟು, ಮುಂದೆ ಬರುವವರಿಗಾಗಿ ಬರೆಯಲು ಹೇಳಿ: ಅಜ್ಜಿಗೆ ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಚಹಾಕ್ಕೆ ಸಕ್ಕರೆ ಎಷ್ಟು, ಯಾವ ಫೋಟೋದ ಬಗ್ಗೆ ಕೇಳಿದರೆ ಮಾತು ಹರಿಯುತ್ತದೆ, ಯಾವುದನ್ನು ಕೇಳಬಾರದು, ಹಿಂತಿರುಗಲು ಕೊನೆಯ ಬಸ್ಸು ಎಷ್ಟು ಹೊತ್ತಿಗೆ. ನಿಮ್ಮ ಹೆಸರನ್ನು ಮೊದಲ ಪುಟದಲ್ಲೇ ಬರೆಯಲಿ. ಊರಿಗೆ ಹೊರಡುವ ಮೊದಲಿನ ಶುಕ್ರವಾರ ಅವಳು ಅಜ್ಜಿಯ ಎದುರು ಕುಳಿತು, ಇದು ಕೊನೆಯ ಭೇಟಿ ಎಂದು ತಾನೇ ಹೇಳಲಿ. ಪುಸ್ತಕ ನಿಮ್ಮ ಹತ್ತಿರವೇ ಇರಲಿ, ಆ ಮನೆಯಲ್ಲಿ ಜುಲೈ, ಆಗಸ್ಟ್ ಕಳೆಯುವವರು ನೀವಿಬ್ಬರೇ ತಾನೇ. ಅವಳು ಇಂಗ್ಲಿಷಿನಲ್ಲೇ ಬರೆಯಲಿ. ಅಜ್ಜಿ ಏನು ಬರೆದಿದೆ ಎಂದು ಕೇಳಿದರೆ, ಹೀಬ್ರೂವಿನಲ್ಲಿ ಹೇಳಲು ಉಡುಪಿಯವರು ಇದ್ದಾರಲ್ಲ.

— ಸಂಪಾದಕ