ಚಟೀರ್ ಅಂತ ಸದ್ದು ಬಂದ್ರೆ ಹಿಂದೆ ಕಾಯೋದು ಸಾಲ್ತಿಲ್ಲ

ಹಿಮಾಚಲದ ತೀರ್ಥನ್ ನದಿಗೆ ಟ್ರೌಟ್ ಮೀನು ಹಿಡಿಯೋಕೆ ಹೋಗೋ ಮುಂಚೆ ಮೈದಾನದಲ್ಲಿ ಫ್ಲೈ ಫಿಶಿಂಗ್ ಪ್ರಾಕ್ಟೀಸ್ ಮಾಡ್ತಿದೀನಿ, ಮುಂದಕ್ಕೆ ಬೀಸಿದಾಗ ಚಟೀರ್ ಅಂತ ಸದ್ದಾಗಿ ಫ್ಲೈ (ದಾರದ ತುದಿಗೆ ಕಟ್ಟೋ, ಹುಳದ ಥರ ಕಾಣೋ ಹಗುರ ಕೊಕ್ಕೆ) ಕಿತ್ಕೊಂಡು ಹೋಗತ್ತೆ, 5 ವೆಯ್ಟ್ ರಾಡ್ ಸರಿ ಇಲ್ವಾ ಅಂತ ಕೇಳಿದೀರಲ್ಲ ಸರ್, ರಾಡ್ ಬದಲಾಯಿಸ್ಬೇಡಿ, ತೊಂದ್ರೆ ಇರೋದು ಟೈಮಿಂಗ್‌ನಲ್ಲಿ.

ಮಾಮೂಲಿ ಗಾಳದಲ್ಲಿ ತುದಿಯಲ್ಲಿರೋ ತೂಕ ದಾರಾನ ಎಳ್ಕೊಂಡು ಹೋಗತ್ತೆ, ಇಲ್ಲಿ ಫ್ಲೈಗೆ ತೂಕಾನೇ ಇಲ್ಲ, ಲೈನೇ, ಅಂದ್ರೆ ದಾರಾನೇ ತೂಕ. ಆ 5 ಅನ್ನೋ ನಂಬರೂ ಲೈನಿನ ಮೊದಲ 30 ಅಡಿಯ ತೂಕದ ಲೆಕ್ಕ, ಸುಮಾರು 9 ಗ್ರಾಂ. ಮೊದಲು ಹಿಂದಕ್ಕೆ ಬೀಸಿದ ಆ ಲೈನ್ ಬೆನ್ನ ಹಿಂದೆ ಪೂರ್ತಿ ನೆಟ್ಟಗಾದ್ಮೇಲೇ ರಾಡ್ ಚೆನ್ನಾಗಿ ಬಗ್ಗೋದು. ನೀವು ಅದು ಇನ್ನೂ ಮಡಚ್ಕೊಂಡು ಇರೋವಾಗ್ಲೇ ಮುಂದಕ್ಕೆ ಎಳೀತಿದೀರ, ತುದಿ ಚಾಟಿ ಥರ ಹೊಡ್ಕೊಂಡು ಫ್ಲೈ ಹಾರಿಹೋಗತ್ತೆ.

ಸ್ವಲ್ಪ ಓರೆಯಾಗಿ ನಿಂತ್ಕೊಂಡು ತಲೆ ತಿರುಗಿಸಿ ಹಿಂದೆ ಲೈನ್ ಬಿಚ್ಕೊಳೋದನ್ನ ಕಣ್ಣಲ್ಲೇ ನೋಡಿ, ನೆಟ್ಟಗಾಗ್ತಿದ್ದ ಹಾಗೆ ಮುಂದಕ್ಕೆ, ಲೈನ್ ಉದ್ದ ಬಿಟ್ಟಷ್ಟೂ ಜಾಸ್ತಿ ಹೊತ್ತು ಕಾಯ್ಬೇಕು. ಮಣಿಕಟ್ಟು ಹಿಂದಕ್ಕೆ ಬಗ್ಗೋಕೆ ಬಿಡ್ಬೇಡಿ, ರಾಡ್ ನೆಲದ ಕಡೆ ವಾಲಿದ್ರೆ ಲೈನೂ ಕೆಳಗೆ ಬೀಳತ್ತೆ. ಹುಲ್ಲಿನ ಮೇಲೆ ಕೊಕ್ಕೆ ಬೇಡ, ಕೆಂಪು ಉಲ್ಲನ್ ತುಂಡು ಕಟ್ಟಿ, 25 ಅಡಿ ಲೈನ್ ಸಾಕು, ದಿನಾ 15 ನಿಮಿಷ.

ನಾನು ಮೀನು ಸಿಗದ ದಿನಾನೂ ಬರೀ ಬೀಸೋಕೆ ಅಂತಾನೇ ನೀರಿಗಿಳಿತೀನಿ, ಆ ಲೈನ್ ಬೆನ್ನ ಹಿಂದೆ ಮೆತ್ತಗೆ ಬಿಚ್ಕೊಂಡು ರಾಡನ್ನ ಒಂಚೂರು ಜಗ್ಗತ್ತಲ್ಲ, ಅದು ಕೈಗೆ ಗೊತ್ತಾದ ದಿನ ಖಂಡಿತ ಬಂದು ಬರೀರಿ. ಹಾಂ, ಹೋಗೋ ಮುಂಚೆ ಹಿಮಾಚಲದ ಮೀನುಗಾರಿಕೆ ಇಲಾಖೆ ಲೈಸೆನ್ಸ್ ಮಾಡಿಸ್ಕೊಳಿ.